ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಾಹಿತಿಕೋಶಗಳಲ್ಲಿ ಹುಡುಕುವ ಕ್ರಮ: ಸಾರ್ವಜನಿಕರಿಗೆ ಮಾರ್ಗದರ್ಶಿ

1. ಪೀಠಿಕೆ

ಕುಟುಂಬದ ಸದಸ್ಯರೊಬ್ಬರಿಗೆ ಗಂಭೀರ ಕಾಯಿಲೆ ಇದೆಯೆಂದು ತಿಳಿದ ಕೂಡಲೇ ಆ ಕಾಯಿಲೆಯ ಹೆಸರನ್ನು ಅಂತರಜಾಲದಲ್ಲಿ ಹುಡುಕುವುದು ಇಂದು ಸಾಮಾನ್ಯವಾಗಿದೆ. ಹೀಗೆ ಹುಡುಕಿದಾಗ ಜಾಹೀರಾತು, ಅನುಭವ ಕಥನ, ಪತ್ರಿಕಾ ವರದಿ ಮತ್ತು ನೈಜ ಸಂಶೋಧನೆ ಇವೆಲ್ಲವೂ ಒಂದೇ ಪುಟದಲ್ಲಿ ಬೆರೆತು ಬರುತ್ತವೆ. ಇವುಗಳನ್ನು ಬೇರ್ಪಡಿಸಿ ನೋಡದೆ ತೀರ್ಮಾನ ಕೈಗೊಂಡಲ್ಲಿ, ಒಡವೆ ಮಾರಿ ಅಥವಾ ಜಮೀನು ಅಡವಿಟ್ಟು ಹೊಂದಿಸಿದ ಹಣವು ಪ್ರಯೋಜನವಿಲ್ಲದ ಚಿಕಿತ್ಸೆಗೆ ವ್ಯಯವಾಗುವ ಸಂಭವವಿರುತ್ತದೆ. ಹಣದೊಂದಿಗೆ, ಸರಿಯಾದ ಚಿಕಿತ್ಸೆಗೆ ದೊರೆಯಬಹುದಾಗಿದ್ದ ಕಾಲವೂ ಕಳೆದುಹೋಗುತ್ತದೆ.

ವೈದ್ಯರು ಮತ್ತು ಸಂಶೋಧಕರು ಬಳಸುವ ಮಾಹಿತಿಕೋಶಗಳಲ್ಲಿ ಹಲವು ಇಂದು ಸಾರ್ವಜನಿಕರಿಗೂ ಉಚಿತವಾಗಿ ತೆರೆದಿವೆ. ಚಿಕಿತ್ಸಾ ನೆರವಿಗೆ ಅರ್ಜಿ ಸಲ್ಲಿಸುವವರು, ದುಬಾರಿ ಚಿಕಿತ್ಸೆಯ ಸಲಹೆ ಪಡೆದವರು ಹಾಗೂ ಚಿಕಿತ್ಸಾ ಪ್ರಯೋಗದಲ್ಲಿ ಭಾಗವಹಿಸಲು ಆಹ್ವಾನ ಪಡೆದವರು ಇವುಗಳನ್ನು ಬಳಸಿಕೊಳ್ಳಬಹುದಾಗಿದೆ. ಬಳಸುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಈ ಮಾರ್ಗದರ್ಶಿಯ ಸಾರಾಂಶ ಇಷ್ಟು: ಪ್ರಶ್ನೆ ಖಚಿತವಾಗಿರಬೇಕು, ಒಂದು ಲೇಖನಕ್ಕಿಂತ ಮೊದಲು ಹಲವು ಲೇಖನಗಳ ಸಮೀಕ್ಷೆಯನ್ನು ನೋಡಬೇಕು, ದೊರೆತ ಮಾಹಿತಿಯನ್ನು ಅಂತಿಮ ಉತ್ತರವೆಂದು ಭಾವಿಸದೆ ವೈದ್ಯರ ಮುಂದೆ ಪ್ರಶ್ನೆಯಾಗಿ ಇಡಬೇಕು.

2. ಪ್ರಮುಖ ಮಾಹಿತಿಕೋಶಗಳು

(ಅ) ಪಬ್‌ಮೆಡ್: ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ನಿರ್ವಹಿಸುವ ಈ ತಾಣವು 1996ರಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡು 1997ರಲ್ಲಿ ಸಾರ್ವಜನಿಕರಿಗೆ ಅಧಿಕೃತವಾಗಿ ಮುಕ್ತವಾಯಿತು. ಇದರಲ್ಲಿ 3 ಕೋಟಿ 70 ಲಕ್ಷಕ್ಕೂ ಅಧಿಕ ಸಂಶೋಧನಾ ಲೇಖನಗಳ ವಿವರಗಳಿವೆ. ಸಾಮಾನ್ಯವಾಗಿ ಲೇಖನದ ಶೀರ್ಷಿಕೆ, ಲೇಖಕರು, ನಿಯತಕಾಲಿಕೆ, ವರ್ಷ ಮತ್ತು ಸಾರಾಂಶ ದೊರೆಯುತ್ತವೆ. ಪ್ರತಿ ಲೇಖನಕ್ಕೂ ಪಿಎಂಐಡಿ ಎಂಬ ಗುರುತಿನ ಸಂಖ್ಯೆ ಇರುತ್ತದೆ.

(ಆ) ಪಬ್‌ಮೆಡ್ ಸೆಂಟ್ರಲ್: ಅದೇ ಸಂಸ್ಥೆಯು 2000ದಲ್ಲಿ ಆರಂಭಿಸಿದ ಈ ಸಂಗ್ರಹದಲ್ಲಿ ಲೇಖನಗಳ ಪೂರ್ಣಪಾಠವನ್ನು ಉಚಿತವಾಗಿ ಓದಬಹುದಾಗಿದೆ. ಹೆಸರು ಒಂದೇ ರೀತಿ ಇದ್ದರೂ ಪಬ್‌ಮೆಡ್ ಸೂಚಿಯಾಗಿದ್ದು, ಪಬ್‌ಮೆಡ್ ಸೆಂಟ್ರಲ್ ಪೂರ್ಣಪಾಠಗಳ ಸಂಗ್ರಹವಾಗಿದೆ.

(ಇ) ಕಾಕ್ರೇನ್ ಲೈಬ್ರರಿ: ಬ್ರಿಟನ್ನಿನ ವೈದ್ಯ ಆರ್ಚೀ ಕಾಕ್ರೇನ್ ಅವರ ಹೆಸರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಸಂಸ್ಥೆಯು ಇದನ್ನು ಸಿದ್ಧಪಡಿಸುತ್ತದೆ. ಒಂದು ಚಿಕಿತ್ಸೆಯ ಬಗ್ಗೆ ನಡೆದಿರುವ ಎಲ್ಲ ಪ್ರಯೋಗಗಳನ್ನು ಹುಡುಕಿ, ಗುಣಮಟ್ಟ ಪರಿಶೀಲಿಸಿ, ಒಟ್ಟುಗೂಡಿಸಿದ ಸಮೀಕ್ಷೆಗಳು ಇಲ್ಲಿವೆ. ಸಮೀಕ್ಷೆಗಳ ಸರಳ ಭಾಷೆಯ ಸಾರಾಂಶಗಳನ್ನು ಎಲ್ಲರೂ ಉಚಿತವಾಗಿ ಓದಬಹುದು.

(ಈ) ಭಾರತೀಯ ಚಿಕಿತ್ಸಾ ಪ್ರಯೋಗಗಳ ನೋಂದಣಿ: ಸಿಟಿಆರ್‌ಐ ಎಂದು ಕರೆಯಲಾಗುವ ಈ ನೋಂದಣಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2007ರ ಜುಲೈ 20ರಂದು ಆರಂಭಿಸಿತು. ದೇಶದಲ್ಲಿ ನಡೆಯುವ ಚಿಕಿತ್ಸಾ ಪ್ರಯೋಗಗಳ ವಿವರಗಳನ್ನು ಇಲ್ಲಿ ನೋಡಬಹುದು. ವಿದೇಶಗಳ ಪ್ರಯೋಗಗಳಿಗೆ ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ತಾಣವನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ನೋಂದಣಿ ವೇದಿಕೆಯನ್ನೂ ನೋಡಬಹುದು.

(ಉ) ಮೆಡ್‌ಲೈನ್‌ಪ್ಲಸ್: ಕಾಯಿಲೆ, ಔಷಧಿ ಮತ್ತು ಪರೀಕ್ಷೆಗಳ ಬಗ್ಗೆ ಸಾಮಾನ್ಯ ಓದುಗರಿಗಾಗಿ ಸರಳ ಇಂಗ್ಲಿಷಿನಲ್ಲಿ ಬರೆದ ಪುಟಗಳಿರುವ ತಾಣ. ಮೊದಲ ಬಾರಿಗೆ ಹುಡುಕುವವರು ಇಲ್ಲಿಂದ ಆರಂಭಿಸಿದಲ್ಲಿ ಮುಂದಿನ ತಾಣಗಳಲ್ಲಿ ಬೇಕಾಗುವ ಪದಗಳ ಪರಿಚಯವಾಗುತ್ತದೆ.

3. ಹುಡುಕುವ ಮುನ್ನ ಸಿದ್ಧಪಡಿಸಿಕೊಳ್ಳಬೇಕಾದ ವಿವರಗಳು

ಮೇಲ್ಕಂಡ ತಾಣಗಳಲ್ಲಿ ಹುಡುಕಾಟವು ಮುಖ್ಯವಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದುದರಿಂದ ಕಾಯಿಲೆಯ ಖಚಿತ ವೈದ್ಯಕೀಯ ಹೆಸರನ್ನು ತಿಳಿದುಕೊಳ್ಳುವುದು ಮೊದಲ ಹೆಜ್ಜೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ನೀಡುವ ಡಿಸ್ಚಾರ್ಜ್ ಸಮ್ಮರಿಯಲ್ಲಿ ಡಯಾಗ್ನೋಸಿಸ್ ಎಂಬ ಶೀರ್ಷಿಕೆಯ ಮುಂದೆ ಈ ಹೆಸರು ಇರುತ್ತದೆ. ಕೈಬರಹ ಓದಲು ಬಾರದಿದ್ದಲ್ಲಿ, ಕಾಯಿಲೆಯ ಹೆಸರನ್ನೂ ಔಷಧಿಯ ಜೆನೆರಿಕ್ ಹೆಸರನ್ನೂ ದೊಡ್ಡಕ್ಷರಗಳಲ್ಲಿ ಬರೆದುಕೊಡುವಂತೆ ವೈದ್ಯರನ್ನು ಕೋರಬಹುದು.

ಕೆಲವು ರೂಢಿಯ ಹೆಸರುಗಳು ಮತ್ತು ಅವುಗಳ ವೈದ್ಯಕೀಯ ಹೆಸರುಗಳು ಈ ಕೆಳಕಂಡಂತಿವೆ:

• ಸಕ್ಕರೆ ಕಾಯಿಲೆ – ಡಯಾಬಿಟಿಸ್ ಮೆಲಿಟಸ್
• ಹೃದಯಾಘಾತ – ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್
• ಮೂರ್ಛೆ ರೋಗ – ಎಪಿಲೆಪ್ಸಿ
• ಕ್ಷಯ – ಟ್ಯುಬರ್ಕ್ಯುಲೋಸಿಸ್
• ಸರ್ಪಸುತ್ತು – ಹರ್ಪಿಸ್ ಜೋಸ್ಟರ್
• ಮಂಗನ ಕಾಯಿಲೆ – ಕ್ಯಾಸನೂರ್ ಫಾರೆಸ್ಟ್ ಡಿಸೀಸ್

ರೂಢಿಯ ಹೆಸರು ಕೆಲವೊಮ್ಮೆ ಎರಡು ಕಾಯಿಲೆಗಳಿಗೆ ಅನ್ವಯವಾಗುವುದುಂಟು. ದೇಹದ ಒಂದು ಪಾರ್ಶ್ವದ ಸ್ವಾಧೀನ ತಪ್ಪುವುದನ್ನೂ ಮುಖ ಮಾತ್ರ ವಾರೆಯಾಗುವುದನ್ನೂ ಜನರು ಲಕ್ವ ಎಂದೇ ಕರೆಯುತ್ತಾರೆ. ಮೊದಲನೆಯದು ಬಹುತೇಕ ಮೆದುಳಿಗೆ ಸಂಬಂಧಿಸಿದ ಸ್ಟ್ರೋಕ್ ಆಗಿರುತ್ತದೆ. ಎರಡನೆಯದು ಮುಖದ ನರಕ್ಕೆ ಸಂಬಂಧಿಸಿದ ಬೆಲ್ಸ್ ಪಾಲ್ಸಿ ಆಗಿರಬಹುದು. ಎರಡರ ಚಿಕಿತ್ಸೆಯೂ ಬೇರೆ. ಯಾವುದೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಕಾಮಾಲೆ ಎಂಬುದು ರೋಗವಲ್ಲ, ಲಕ್ಷಣ. ಅದಕ್ಕೆ ಕಾರಣವೇನೆಂದು ತಿಳಿಯದೆ ಚಿಕಿತ್ಸೆಯನ್ನು ಹುಡುಕುವುದರಿಂದ ಪ್ರಯೋಜನವಿಲ್ಲ.

ಔಷಧಿಯ ವಿಷಯದಲ್ಲಿ ಅಂಗಡಿಯ ಬ್ರ್ಯಾಂಡ್ ಹೆಸರಿನ ಬದಲು ಜೆನೆರಿಕ್ ಹೆಸರನ್ನು ಬಳಸತಕ್ಕದ್ದು. ಒಂದೇ ಔಷಧಿಗೆ ದೇಶದಿಂದ ದೇಶಕ್ಕೆ ಹೆಸರು ಬದಲಾಗುವುದುಂಟು. ಭಾರತದಲ್ಲಿ ಪ್ಯಾರಾಸಿಟಮಾಲ್ ಎನ್ನುವ ಔಷಧಿಯನ್ನು ಅಮೆರಿಕದಲ್ಲಿ ಅಸಿಟಮಿನೋಫೆನ್ ಎಂದೂ, ಅಡ್ರಿನಲಿನ್ ಅನ್ನು ಎಪಿನೆಫ್ರಿನ್ ಎಂದೂ ಕರೆಯುತ್ತಾರೆ.

4. ಪ್ರಶ್ನೆಯನ್ನು ರಚಿಸುವ ಕ್ರಮ

ಸಕ್ಕರೆ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಯಾವುದು ಎಂಬ ಪ್ರಶ್ನೆಗೆ ಲಕ್ಷಾಂತರ ಲೇಖನಗಳು ಎದುರಾಗುತ್ತವೆ. ಉತ್ತರ ಮಾತ್ರ ದೊರೆಯುವುದಿಲ್ಲ. ಪ್ರಶ್ನೆಯನ್ನು ನಾಲ್ಕು ಭಾಗಗಳಾಗಿ ವಿಂಗಡಿಸುವ ಪದ್ಧತಿಯು 1995ರಿಂದ ವೈದ್ಯಕೀಯ ಶಿಕ್ಷಣದಲ್ಲಿ ಬಳಕೆಯಲ್ಲಿದೆ. ನಾಲ್ಕು ಭಾಗಗಳೆಂದರೆ: ಯಾರಿಗೆ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿದಾಗ, ಯಾವ ಫಲಿತಾಂಶಕ್ಕಾಗಿ.

ಉದಾಹರಣೆಗೆ, ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಹುಣ್ಣಾಗಿರುವ ವ್ಯಕ್ತಿಗೆ, ಒತ್ತಡದ ಕೊಠಡಿಯಲ್ಲಿ ಕೂರಿಸಿ ಆಮ್ಲಜನಕ ನೀಡುವ ಹೈಪರ್‌ಬ್ಯಾರಿಕ್ ಚಿಕಿತ್ಸೆಯ ಸಲಹೆ ಬಂದಿದೆ ಎಂದು ಭಾವಿಸೋಣ. ಪ್ರಶ್ನೆಯ ಭಾಗಗಳು ಹೀಗಿರುತ್ತವೆ:

• ಯಾರಿಗೆ: ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಇರುವವರಿಗೆ
• ಚಿಕಿತ್ಸೆ: ಹೈಪರ್‌ಬ್ಯಾರಿಕ್ ಆಕ್ಸಿಜನ್
• ಹೋಲಿಕೆ: ಸಾಮಾನ್ಯ ಡ್ರೆಸ್ಸಿಂಗ್ ಮತ್ತು ಔಷಧೋಪಚಾರ
• ಫಲಿತಾಂಶ: ಹುಣ್ಣು ಮಾಯುವುದು; ಕಾಲು ಕತ್ತರಿಸುವುದು ತಪ್ಪುವುದು

ನಾಲ್ಕನೆಯ ಭಾಗವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಆರು ವಾರಗಳಲ್ಲಿ ಹುಣ್ಣು ಚಿಕ್ಕದಾಗುವುದು ಮತ್ತು ವರ್ಷದ ನಂತರವೂ ಕಾಲು ಉಳಿದಿರುವುದು ಇವೆರಡೂ ಬೇರೆ ಬೇರೆ ಫಲಿತಾಂಶಗಳು. ರೋಗಿಗೆ ಮತ್ತು ಕುಟುಂಬಕ್ಕೆ ನಿಜವಾಗಿ ಬೇಕಾಗಿರುವ ಫಲಿತಾಂಶ ಯಾವುದೆಂದು ಮೊದಲೇ ಬರೆದಿಟ್ಟುಕೊಂಡಲ್ಲಿ, ಲೇಖನಗಳು ಬೇರಾವುದೋ ಅಳತೆಯಲ್ಲಿ ತೋರಿಸುವ ಯಶಸ್ಸಿನಿಂದ ದಾರಿ ತಪ್ಪುವುದಿಲ್ಲ.

5. ಪಬ್‌ಮೆಡ್‌ನಲ್ಲಿ ಹುಡುಕುವ ಹಂತಗಳು

ಹಂತ 1: ಪ್ರಶ್ನೆಯ ಮೊದಲ ಎರಡು ಭಾಗಗಳ ಪದಗಳನ್ನು ಮಾತ್ರ ಬೆರಳಚ್ಚಿಸಿ. ಮೇಲಿನ ಉದಾಹರಣೆಯಲ್ಲಿ ಡಯಾಬಿಟಿಕ್ ಫೂಟ್ ಹಾಗೂ ಹೈಪರ್‌ಬ್ಯಾರಿಕ್ ಆಕ್ಸಿಜನೇಷನ್. ಪೂರ್ಣ ವಾಕ್ಯ ಬರೆಯುವ ಅಗತ್ಯವಿಲ್ಲ.

ಹಂತ 2: ಪದಗಳ ನಡುವೆ ಆಂಡ್, ಆರ್, ನಾಟ್ ಎಂಬ ಜೋಡಣೆಯ ಪದಗಳನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬಳಸಿ. ಆಂಡ್ ಬಳಸಿದಾಗ ಎರಡೂ ಪದಗಳಿರುವ ಲೇಖನಗಳು ಮಾತ್ರ ಬರುತ್ತವೆ, ಫಲಿತಾಂಶ ಕಡಿಮೆಯಾಗುತ್ತದೆ. ಆರ್ ಬಳಸಿದಾಗ ಎರಡರಲ್ಲಿ ಒಂದು ಇದ್ದರೂ ಬರುತ್ತದೆ, ಫಲಿತಾಂಶ ಹೆಚ್ಚಾಗುತ್ತದೆ. ಸಮಾನಾರ್ಥಕ ಪದಗಳನ್ನು ಆರ್ ಮೂಲಕ ಜೋಡಿಸಿ ಆವರಣದೊಳಗೆ ಇಡತಕ್ಕದ್ದು. ನಾಟ್ ಅನ್ನು ಎಚ್ಚರಿಕೆಯಿಂದ ಬಳಸಬೇಕು. ಬೇಡವಾದ ಪದವನ್ನು ಕೇವಲ ಪ್ರಾಸಂಗಿಕವಾಗಿ ಹೇಳಿರುವ ಉಪಯುಕ್ತ ಲೇಖನವೂ ಅದರಿಂದ ಕೈಬಿಟ್ಟು ಹೋಗುತ್ತದೆ.

ಹಂತ 3: ವಿಷಯಸೂಚಿ ಪದಗಳನ್ನು ಗಮನಿಸಿ. ಮೆಶ್ ಎಂದು ಕರೆಯಲಾಗುವ ಈ ಪದಪಟ್ಟಿಯನ್ನು ಅಮೆರಿಕದ ಗ್ರಂಥಾಲಯವು 1960ರಿಂದ ಬಳಸುತ್ತಿದೆ. ಲೇಖಕರು ಯಾವ ಪದ ಬಳಸಿದ್ದರೂ ಒಂದೇ ವಿಷಯದ ಲೇಖನಗಳಿಗೆ ಒಂದೇ ಸೂಚಿಪದ ನೀಡುವುದು ಇದರ ಉದ್ದೇಶ. ಹಾರ್ಟ್ ಅಟ್ಯಾಕ್ ಎಂದು ಬರೆದರೂ ಪಬ್‌ಮೆಡ್ ತಾನಾಗಿಯೇ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಎಂಬ ಸೂಚಿಪದದಲ್ಲಿಯೂ ಹುಡುಕುತ್ತದೆ. ಶೋಧಪದವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಲ್ಲಿ ಈ ಸೌಲಭ್ಯ ನಿಂತುಹೋಗುತ್ತದೆ. ಒಂದು ಉಪಯುಕ್ತ ಲೇಖನ ಸಿಕ್ಕ ನಂತರ ಅದರ ಸಾರಾಂಶದ ಕೆಳಗಿರುವ ಮೆಶ್ ಪದಗಳನ್ನು ಬರೆದುಕೊಂಡು, ಅವುಗಳಿಂದ ಮತ್ತೊಮ್ಮೆ ಹುಡುಕುವುದು ಉತ್ತಮ.

ಹಂತ 4: ಪುಟದ ಬದಿಯಲ್ಲಿರುವ ಫಿಲ್ಟರ್‌ಗಳನ್ನು ಬಳಸಿ. ಮೊದಲು ಸಿಸ್ಟಮ್ಯಾಟಿಕ್ ರಿವ್ಯೂ ಎಂಬ ಫಿಲ್ಟರ್ ಆಯ್ಕೆ ಮಾಡಿ ಸಮೀಕ್ಷೆಗಳನ್ನು ನೋಡತಕ್ಕದ್ದು. ಸಮೀಕ್ಷೆ ಇಲ್ಲದಿದ್ದಲ್ಲಿ ರ‍್ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್ ಎಂಬುದನ್ನು ಆಯ್ಕೆ ಮಾಡಬಹುದು. ಫ್ರೀ ಫುಲ್ ಟೆಕ್ಸ್ಟ್ ಎಂಬುದನ್ನು ಆಯ್ಕೆ ಮಾಡಿದಲ್ಲಿ ಉಚಿತ ಪೂರ್ಣಪಾಠವಿರುವ ಲೇಖನಗಳು ಮಾತ್ರ ಬರುತ್ತವೆ. ಆದರೆ ಮುಖ್ಯ ಲೇಖನವೊಂದು ಉಚಿತವಲ್ಲದ ಕಾರಣಕ್ಕೆ ಮರೆಯಾಗಬಹುದಾದ್ದರಿಂದ ಇದನ್ನು ಆರಂಭದಲ್ಲಿಯೇ ಬಳಸುವುದು ಸೂಕ್ತವಲ್ಲ.

ಹಂತ 5: ಬಳಸಿದ ಶೋಧಪದಗಳು, ದಿನಾಂಕ ಹಾಗೂ ಆಯ್ಕೆ ಮಾಡಿದ ಲೇಖನಗಳ ಪಿಎಂಐಡಿ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಈ ಸಂಖ್ಯೆಯನ್ನು ನೀಡಿದಲ್ಲಿ ವೈದ್ಯರು ಅದೇ ಲೇಖನವನ್ನು ಕೂಡಲೇ ತೆರೆದು ನೋಡಬಹುದಾಗಿದೆ.

ಫಲಿತಾಂಶ ಸಾವಿರಾರು ಬಂದಲ್ಲಿ ಫಲಿತಾಂಶದ ಭಾಗದಿಂದ ಇನ್ನೊಂದು ಪದವನ್ನು ಆಂಡ್ ಮೂಲಕ ಸೇರಿಸಬೇಕು. ಒಂದೂ ಬಾರದಿದ್ದಲ್ಲಿ ಕಾಗುಣಿತವನ್ನು ಪರಿಶೀಲಿಸಿ, ಒಂದೊಂದೇ ಪದವನ್ನು ತೆಗೆಯುತ್ತಾ ಹೋಗಬೇಕು. ಅನೀಮಿಯಾ, ಪೀಡಿಯಾಟ್ರಿಕ್ ಮುಂತಾದ ಪದಗಳಿಗೆ ಬ್ರಿಟಿಷ್ ಮತ್ತು ಅಮೆರಿಕನ್ ಕಾಗುಣಿತ ಬೇರೆಯಾಗಿರುವುದನ್ನು ನೆನಪಿನಲ್ಲಿಡತಕ್ಕದ್ದು.

6. ನಿದರ್ಶನ: ಮಂಗನ ಕಾಯಿಲೆಯ ಲಸಿಕೆ

ಲೇಖನದ ವರ್ಷವನ್ನು ಗಮನಿಸುವುದು ಏಕೆ ಅಗತ್ಯವೆಂಬುದನ್ನು ಮಲೆನಾಡಿನ ಒಂದು ನಿದರ್ಶನದಿಂದ ತಿಳಿಯಬಹುದು. ಉಣುಗುಗಳ ಕಡಿತದಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾಯಿತು. ಆ ಊರಿನ ಹೆಸರೇ ಕಾಯಿಲೆಯ ಅಂತರರಾಷ್ಟ್ರೀಯ ಹೆಸರಾಗಿದೆ. ಮಂಕಿ ಡಿಸೀಸ್ ಎಂದು ಹುಡುಕಿದಲ್ಲಿ ಕೋತಿಗಳ ಇತರ ರೋಗಗಳ ಲೇಖನಗಳೂ ಸೇರಿ ಬರುತ್ತವೆ. ಕ್ಯಾಸನೂರ್ ಫಾರೆಸ್ಟ್ ಡಿಸೀಸ್ ಎಂಬ ಮೆಶ್ ಪದದೊಂದಿಗೆ ವ್ಯಾಕ್ಸಿನ್ ಎಂಬ ಪದವನ್ನು ಆಂಡ್ ಮೂಲಕ ಸೇರಿಸಿದಲ್ಲಿ ಲಸಿಕೆಗೆ ಸಂಬಂಧಿಸಿದ ಲೇಖನಗಳು ದೊರೆಯುತ್ತವೆ.

ಇವುಗಳಲ್ಲಿ 1994ರ ಲೇಖನವೊಂದರ ಪ್ರಕಾರ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಲಸಿಕೆಯು ಒಂದು ಡೋಸ್ ಪಡೆದವರಲ್ಲಿ ಶೇಕಡಾ 79.3 ಹಾಗೂ ಎರಡು ಡೋಸ್ ಪಡೆದವರಲ್ಲಿ ಶೇಕಡಾ 93.5ರಷ್ಟು ರಕ್ಷಣೆ ನೀಡಿತ್ತು. ಇಲ್ಲಿಗೇ ಓದುವುದನ್ನು ನಿಲ್ಲಿಸಿದವರಿಗೆ ಲಸಿಕೆ ಪಡೆದರೆ ಚಿಂತೆಯಿಲ್ಲ ಎನಿಸುತ್ತದೆ. ಆದರೆ 2005ರಿಂದ 2010ರವರೆಗಿನ ಅವಧಿಯನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟವಾದ ಲೇಖನದಲ್ಲಿ ಎರಡು ಡೋಸ್‌ಗಳ ಪರಿಣಾಮ ಶೇಕಡಾ 62.4 ಹಾಗೂ ಬೂಸ್ಟರ್ ಡೋಸ್ ಸೇರಿದಾಗ ಶೇಕಡಾ 82.9 ಎಂದಿದೆ. 2022ರಲ್ಲಿ ರಾಜ್ಯದಲ್ಲಿ ಆ ಲಸಿಕೆಯ ಬಳಕೆಯನ್ನೇ ಕೈಬಿಡಲಾಯಿತು.

1994ರ ಲೇಖನ ಸುಳ್ಳಲ್ಲ. ಅದು ಆ ಕಾಲದ ಅಳತೆ. ಇಂದು ಕಾಡಿಗೆ ಸೌದೆಗೋ ದರಗೆಲೆಗೋ ಹೋಗುವ ಕುಟುಂಬವು ಆ ಅಂಕಿಯನ್ನು ನಂಬಿ ಉಣುಗು ಕಚ್ಚದಂತೆ ವಹಿಸಬೇಕಾದ ಎಚ್ಚರವನ್ನು ಬಿಡುವಂತಿಲ್ಲ. ಆದುದರಿಂದ ಫಲಿತಾಂಶಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ ಹೊಸದರಿಂದ ಹಳೆಯದರ ಕಡೆಗೆ ಓದತಕ್ಕದ್ದು. ಔಷಧಿ ಅಥವಾ ಲಸಿಕೆ ಈಗ ಲಭ್ಯವಿದೆಯೇ ಎಂಬುದನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.

7. ಪುರಾವೆಯ ಶ್ರೇಣಿ

ಪ್ರಕಟವಾದ ಎಲ್ಲ ಲೇಖನಗಳಿಗೂ ಸಮಾನ ತೂಕವಿರುವುದಿಲ್ಲ. ಚಿಕಿತ್ಸೆಯ ಪ್ರಶ್ನೆಗಳಿಗೆ ಸಂಬಂಧಿಸಿದಂತೆ, ಹೆಚ್ಚಿನ ತೂಕದಿಂದ ಕಡಿಮೆ ತೂಕದವರೆಗೆ ಸಾಮಾನ್ಯ ಶ್ರೇಣಿ ಈ ಕೆಳಕಂಡಂತಿದೆ:

1) ಕ್ರಮಬದ್ಧ ಸಮೀಕ್ಷೆ: ಲಭ್ಯವಿರುವ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದ್ದು.
2) ಯಾದೃಚ್ಛಿಕ ಪ್ರಯೋಗ: ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ್ದು.
3) ವೀಕ್ಷಣಾ ಅಧ್ಯಯನ: ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಗಮನಿಸಿ ಹೋಲಿಸಿದ್ದು.
4) ಪ್ರಕರಣ ವರದಿ: ಒಬ್ಬರು ಅಥವಾ ಕೆಲವು ರೋಗಿಗಳ ವಿವರ.
5) ಪ್ರಾಣಿಗಳ ಮೇಲಿನ ಅಥವಾ ಪ್ರಯೋಗಾಲಯದ ಅಧ್ಯಯನ.

ಈ ಶ್ರೇಣಿಯ ಮಹತ್ವವನ್ನು ಅವಧಿಪೂರ್ವ ಹೆರಿಗೆಯ ನಿದರ್ಶನ ತೋರಿಸುತ್ತದೆ. ದಿನ ತುಂಬುವ ಮುನ್ನ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ನೀಡಿದರೆ ಶಿಶುವಿನ ಶ್ವಾಸಕೋಶಕ್ಕೆ ಅನುಕೂಲವಾಗುತ್ತದೆಂದು ನ್ಯೂಜಿಲೆಂಡಿನ ಪ್ರಯೋಗವೊಂದು 1972ರಲ್ಲಿಯೇ ವರದಿ ಮಾಡಿತ್ತು. ನಂತರ ಇನ್ನಷ್ಟು ಪ್ರಯೋಗಗಳು ನಡೆದವು. ಆದರೆ ಅವುಗಳನ್ನು ಒಟ್ಟುಗೂಡಿಸಿದ ಸಮೀಕ್ಷೆ 1989ರವರೆಗೆ ಪ್ರಕಟವಾಗಲಿಲ್ಲ. ಆ ನಡುವಿನ ವರ್ಷಗಳಲ್ಲಿ ಈ ಚಿಕಿತ್ಸೆಯ ಪ್ರಯೋಜನ ಅನೇಕ ಪ್ರಸೂತಿ ತಜ್ಞರಿಗೆ ಮನವರಿಕೆಯಾಗದೆ, ಉಳಿಯಬಹುದಾಗಿದ್ದ ಶಿಶುಗಳು ಸಾವನ್ನಪ್ಪಿದವು. ಈ ಪಾಠವನ್ನು ಮರೆಯದಿರಲೆಂದೇ ಆ ಪ್ರಯೋಗಗಳ ಫಲಿತಾಂಶದ ರೇಖಾಚಿತ್ರವನ್ನು ಕಾಕ್ರೇನ್ ಸಂಸ್ಥೆಯು ತನ್ನ ಲಾಂಛನದಲ್ಲಿ ಅಳವಡಿಸಿಕೊಂಡಿದೆ.

ಸಮೀಕ್ಷೆ ದೊರೆತ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಆ ಪ್ರಯೋಗಗಳು ಎಲ್ಲಿ, ಯಾವ ಸೌಕರ್ಯಗಳ ನಡುವೆ ನಡೆದವು? ಇದೇ ಚಿಕಿತ್ಸೆಯನ್ನು ಬೆಳಗಾವಿ ಪ್ರದೇಶವೂ ಸೇರಿದಂತೆ ಆರು ದೇಶಗಳ ಸಮುದಾಯಗಳಲ್ಲಿ ವಿಸ್ತರಿಸಿ ನಡೆಸಿದ ಅಧ್ಯಯನವು 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಡಿಮೆ ತೂಕದ ಶಿಶುಗಳ ಮರಣ ಇಳಿಯಲಿಲ್ಲ. ಒಟ್ಟಾರೆ ನವಜಾತ ಶಿಶುಗಳ ಮರಣವು ಹೋಲಿಕೆಯ ಪ್ರದೇಶಗಳಲ್ಲಿ 1000 ಜನನಗಳಿಗೆ 23.9 ಇದ್ದರೆ, ಚಿಕಿತ್ಸೆ ವಿಸ್ತರಿಸಿದ ಪ್ರದೇಶಗಳಲ್ಲಿ 27.4 ಇತ್ತು. ನಂತರ ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ಗರ್ಭದ ವಾರಗಳನ್ನು ಖಚಿತಪಡಿಸಿಕೊಂಡು, 2852 ಮಹಿಳೆಯರಲ್ಲಿ ಪ್ರಯೋಗ ನಡೆಸಿತು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಶಿಶುಮರಣವು ಶೇಕಡಾ 23.5ರಿಂದ 19.6ಕ್ಕೆ ಇಳಿದಿತ್ತು. ಔಷಧಿ ಅದೇ ವರ್ಗದ್ದು. ಆದರೆ ಯಾರಿಗೆ, ಯಾವ ಸ್ಥಳದಲ್ಲಿ, ಯಾವ ಆರೈಕೆಯೊಂದಿಗೆ ನೀಡಲಾಯಿತೆಂಬುದು ಬೇರೆ. ಆದುದರಿಂದ ಲೇಖನದಲ್ಲಿರುವ ರೋಗಿಗಳ ಸ್ಥಿತಿ ಮತ್ತು ತಮ್ಮ ರೋಗಿಯ ಸ್ಥಿತಿ ಹೊಂದುತ್ತವೆಯೇ ಎಂಬುದನ್ನು ತಪ್ಪದೆ ವಿಚಾರಿಸಬೇಕು.

8. ಸಾರಾಂಶವನ್ನು ಓದುವಾಗ ಗಮನಿಸಬೇಕಾದ ಅಂಶಗಳು

(ಅ) ಅಧ್ಯಯನದಲ್ಲಿದ್ದ ವ್ಯಕ್ತಿಗಳ ಸಂಖ್ಯೆ, ವಯಸ್ಸು ಮತ್ತು ಕಾಯಿಲೆಯ ಹಂತ.
(ಆ) ಹೋಲಿಕೆಯ ಗುಂಪು ಇತ್ತೇ ಎಂಬುದು. ಹೋಲಿಕೆ ಇಲ್ಲದಿದ್ದಲ್ಲಿ ಸುಧಾರಣೆಯು ಚಿಕಿತ್ಸೆಯಿಂದಲೇ ಆಯಿತೆಂದು ಹೇಳಲಾಗದು.
(ಇ) ಎಷ್ಟು ಕಾಲದವರೆಗೆ ರೋಗಿಗಳನ್ನು ಗಮನಿಸಲಾಯಿತು ಎಂಬುದು.
(ಈ) ಅಡ್ಡಪರಿಣಾಮಗಳನ್ನು ತಿಳಿಸಲಾಗಿದೆಯೇ ಎಂಬುದು.
(ಉ) ಅಧ್ಯಯನಕ್ಕೆ ಹಣ ಒದಗಿಸಿದವರು ಯಾರು ಎಂಬುದು.

ಶೇಕಡಾವಾರು ಅಂಕಿಗಳನ್ನು ಮೂಲ ಸಂಖ್ಯೆಯೊಂದಿಗೆ ಸೇರಿಸಿ ಓದತಕ್ಕದ್ದು. ಶೇಕಡಾ 50 ರಿಯಾಯಿತಿ ಎಂಬ ಫಲಕವು 2000 ರೂಪಾಯಿ ಬೆಲೆಯ ವಸ್ತುವಿನ ಮೇಲಿದ್ದರೆ 1000 ರೂಪಾಯಿ ಉಳಿಯುತ್ತದೆ. 2 ರೂಪಾಯಿಯ ವಸ್ತುವಿನ ಮೇಲಿದ್ದರೆ ಉಳಿಯುವುದು 1 ರೂಪಾಯಿ ಮಾತ್ರ. ಅದೇ ರೀತಿ, ಅಪಾಯ ಅರ್ಧದಷ್ಟು ಇಳಿಯಿತು ಎಂಬ ಮಾತು 1000 ಜನರಲ್ಲಿ 200ರಿಂದ 100ಕ್ಕೆ ಇಳಿದಾಗಲೂ ನಿಜ, 2ರಿಂದ 1ಕ್ಕೆ ಇಳಿದಾಗಲೂ ನಿಜ. ನೂರು ಅಥವಾ ಸಾವಿರ ಜನರಲ್ಲಿ ಎಷ್ಟು ಜನರಿಗೆ ವ್ಯತ್ಯಾಸವಾಯಿತು ಎಂಬುದೇ ಕೇಳಬೇಕಾದ ಲೆಕ್ಕ.

9. ಹಿಂಪಡೆಯಲಾದ ಲೇಖನಗಳು

ಪ್ರಕಟವಾದ ಲೇಖನದಲ್ಲಿ ಗಂಭೀರ ದೋಷ ಕಂಡುಬಂದಲ್ಲಿ ಅದನ್ನು ಹಿಂಪಡೆಯಲಾಗುತ್ತದೆ. ಲೇಖನವು ಮಾಹಿತಿಕೋಶದಲ್ಲಿ ಉಳಿದಿರುತ್ತದೆಯಾದರೂ ಪಬ್‌ಮೆಡ್‌ನಲ್ಲಿ ರಿಟ್ರಾಕ್ಟೆಡ್ ಎಂಬ ಸೂಚನೆ ಕಾಣಿಸುತ್ತದೆ. ಲಸಿಕೆಯೊಂದಕ್ಕೂ ಆಟಿಸಂಗೂ ಸಂಬಂಧ ಕಲ್ಪಿಸಿ, 12 ಮಕ್ಕಳ ವಿವರಗಳ ಆಧಾರದಲ್ಲಿ 1998ರಲ್ಲಿ ದಿ ಲ್ಯಾನ್ಸೆಟ್ ನಿಯತಕಾಲಿಕೆಯಲ್ಲಿ ಬಂದ ಲೇಖನವನ್ನು 2010ರಲ್ಲಿ ಹಿಂಪಡೆಯಲಾಯಿತು. ನಡುವಿನ 12 ವರ್ಷಗಳಲ್ಲಿ ಅದನ್ನು ನಂಬಿ ಹಲವು ಪೋಷಕರು ಮಕ್ಕಳಿಗೆ ಲಸಿಕೆ ಹಾಕಿಸಲಿಲ್ಲ. ಕೋವಿಡ್ ಸಂದರ್ಭದಲ್ಲಿ, 2020ರ ಮೇ 22ರಂದು ಅದೇ ನಿಯತಕಾಲಿಕೆಯಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತು 96032 ರೋಗಿಗಳ ದತ್ತಾಂಶವೆಂದು ಪ್ರಕಟವಾದ ಲೇಖನವನ್ನು, ಮೂಲ ದತ್ತಾಂಶವನ್ನು ಪರಿಶೀಲಿಸಲು ಸಾಧ್ಯವಾಗದ ಕಾರಣ ಜೂನ್ 4ರಂದೇ ಹಿಂಪಡೆಯಲಾಯಿತು. ನಿಯತಕಾಲಿಕೆಯ ಹೆಸರು ದೊಡ್ಡದಾಗಿರುವುದು ಅಥವಾ ರೋಗಿಗಳ ಸಂಖ್ಯೆ ಹೆಚ್ಚಾಗಿರುವುದು ತಾನಾಗಿಯೇ ಭರವಸೆಯಾಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲೇಖನದ ಶೀರ್ಷಿಕೆಯನ್ನು ಪಬ್‌ಮೆಡ್‌ನಲ್ಲಿ ಹಾಕಿ ಈ ಸೂಚನೆ ಇದೆಯೇ ಎಂದು ನೋಡಿದ ನಂತರವೇ ಮುಂದುವರಿಯತಕ್ಕದ್ದು.

10. ಚಿಕಿತ್ಸಾ ಪ್ರಯೋಗಕ್ಕೆ ಹಣ ಕೇಳಿದಲ್ಲಿ

ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೆನ್ನುಹುರಿಯ ಪೆಟ್ಟು ಮುಂತಾದವುಗಳಿಗೆ ಸ್ಟೆಮ್ ಸೆಲ್ ಚಿಕಿತ್ಸೆ ನೀಡುವುದಾಗಿ ಹೇಳುವ ಜಾಹೀರಾತುಗಳು ಪೋಷಕರ ಗಮನಕ್ಕೆ ಬರುವುದುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ರಕ್ತ ಸಂಬಂಧಿ ಕಾಯಿಲೆಗಳಲ್ಲಿ ಅಂಗೀಕೃತವಾಗಿರುವ ಅಸ್ಥಿಮಜ್ಜೆ ಕಸಿಯಂತಹ ಬಳಕೆಯನ್ನು ಹೊರತುಪಡಿಸಿ, ಅನುಮೋದಿತ ಚಿಕಿತ್ಸಾ ಪ್ರಯೋಗದ ಹೊರಗೆ ರೋಗಿಗಳಲ್ಲಿ ಸ್ಟೆಮ್ ಸೆಲ್ ಬಳಸುವುದು ಅನೈತಿಕವೆಂದು ಪರಿಗಣಿತವಾಗಿದೆ.

ಇದು ಪ್ರಯೋಗದ ಭಾಗವೆಂದು ಆಸ್ಪತ್ರೆಯವರು ತಿಳಿಸಿದಲ್ಲಿ ಸಿಟಿಆರ್‌ಐ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಆ ಸಂಖ್ಯೆಯು ಸಿಟಿಆರ್‌ಐ ಎಂಬ ಅಕ್ಷರಗಳು, ವರ್ಷ, ತಿಂಗಳು ಮತ್ತು ಕ್ರಮಸಂಖ್ಯೆಯನ್ನು ಒಳಗೊಂಡಿರುತ್ತದೆ. 2018ರ ಏಪ್ರಿಲ್ 1ರಿಂದ, ಮೊದಲ ವ್ಯಕ್ತಿಯನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳುವ ಮುನ್ನವೇ ನೋಂದಣಿ ಮಾಡಿಸಬೇಕಾಗಿದೆ. ಸಂಖ್ಯೆಯನ್ನು ತಾಣದಲ್ಲಿ ಹಾಕಿದಾಗ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು:

• ಪ್ರಯೋಗ ನಡೆಯುವ ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿದೆಯೇ
• ನೈತಿಕ ಸಮಿತಿಯ ಅನುಮೋದನೆ ದೊರೆತಿದೆಯೇ
• ಔಷಧ ನಿಯಂತ್ರಣ ಪ್ರಾಧಿಕಾರದ ಅನುಮೋದನೆಯ ಸ್ಥಿತಿ ಏನು
• ರೋಗಿಗಳ ಸೇರ್ಪಡೆ ಈಗಲೂ ತೆರೆದಿದೆಯೇ
• ಯಾರನ್ನು ಸೇರಿಸಿಕೊಳ್ಳಬಹುದು, ಯಾರನ್ನು ಸೇರಿಸಿಕೊಳ್ಳುವಂತಿಲ್ಲ

ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಚಿಕಿತ್ಸೆ ಪರಿಣಾಮಕಾರಿ ಎಂದರ್ಥವಲ್ಲ. ಪರಿಣಾಮಕಾರಿಯೇ ಎಂಬುದು ಇನ್ನೂ ತಿಳಿಯಬೇಕಾಗಿದೆ ಎಂದೇ ಅದರ ಅರ್ಥ. ಸಂಶೋಧನೆಯ ವೆಚ್ಚವನ್ನು ಭಾಗವಹಿಸುವವರ ಮೇಲೆ ಹೊರಿಸುವುದು ಮಂಡಳಿಯ ನೈತಿಕ ಮಾರ್ಗಸೂಚಿಗಳಿಗೆ ವಿರುದ್ಧವಾದುದು. ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳು, 2019ರ ವ್ಯಾಪ್ತಿಗೆ ಬರುವ ಪ್ರಯೋಗದಲ್ಲಿ ಭಾಗವಹಿಸಿದವರಿಗೆ ಹಾನಿಯಾದಲ್ಲಿ ಉಚಿತ ವೈದ್ಯಕೀಯ ಆರೈಕೆಗೆ ಅವಕಾಶವಿದ್ದು, ಪ್ರಯೋಗದಿಂದಲೇ ಉಂಟಾದ ಹಾನಿಗೆ ಪರಿಹಾರವನ್ನೂ ಕಲ್ಪಿಸಲಾಗಿದೆ. ಆದುದರಿಂದ ಪ್ರಯೋಗವೆಂದು ಹೇಳಿ ಲಕ್ಷಾಂತರ ರೂಪಾಯಿ ಮುಂಗಡ ಕೇಳಿದಲ್ಲಿ, ಹಣ ಪಾವತಿಸುವ ಮುನ್ನ ಬೇರೊಬ್ಬ ತಜ್ಞ ವೈದ್ಯರ ಅಭಿಪ್ರಾಯ ಪಡೆಯತಕ್ಕದ್ದು.

11. ಪೂರ್ಣಪಾಠವನ್ನು ಪಡೆಯುವ ಮಾರ್ಗಗಳು

ಸಾರಾಂಶ ಮಾತ್ರ ದೊರೆತು ಪೂರ್ಣಪಾಠಕ್ಕೆ ಶುಲ್ಕ ಕೇಳಿದಲ್ಲಿ ಕೂಡಲೇ ಪಾವತಿಸುವ ಅಗತ್ಯವಿಲ್ಲ. ಮೊದಲು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ನೋಡಬಹುದು. ಲೇಖನದಲ್ಲಿ ನೀಡಿರುವ ಇ-ಮೇಲ್ ವಿಳಾಸಕ್ಕೆ ಬರೆದು ಲೇಖಕರಿಂದಲೇ ಪ್ರತಿಯನ್ನು ಕೋರಬಹುದು. ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ಅನುಮೋದಿಸಿದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯು 2025ರ ಜನವರಿಯಲ್ಲಿ ಆರಂಭಗೊಂಡಿದ್ದು, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗೆ 30 ಪ್ರಕಾಶಕರ ಸುಮಾರು 13000 ನಿಯತಕಾಲಿಕೆಗಳನ್ನು ಒದಗಿಸುವ ಉದ್ದೇಶ ಹೊಂದಿದೆ. ಮನೆಯಲ್ಲಿ ಅಥವಾ ನೆರೆಹೊರೆಯಲ್ಲಿ ಇಂತಹ ಸಂಸ್ಥೆಯ ವಿದ್ಯಾರ್ಥಿಗಳಿದ್ದಲ್ಲಿ ಲೇಖನವನ್ನು ಓದಿ ತಿಳಿಸುವಂತೆ ಅವರ ನೆರವನ್ನು ಕೋರಬಹುದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗೂಗಲ್‌ನಲ್ಲಿ ಹುಡುಕಿದರೆ ಸಾಲದೆ?
ಉತ್ತರ: ಸಾಮಾನ್ಯ ಶೋಧಯಂತ್ರದಲ್ಲಿ ಹಣ ಪಾವತಿಸಿದ ಜಾಹೀರಾತುಗಳು ಮೇಲ್ಭಾಗದಲ್ಲಿ ಕಾಣಿಸಬಹುದು. ಕಾಯಿಲೆಯ ಪರಿಚಯಕ್ಕೆ ಅದು ಉಪಯುಕ್ತ. ಚಿಕಿತ್ಸೆಯ ಆಯ್ಕೆಗೆ ಸಾಲದು.

ಪ್ರಶ್ನೆ: ಕೃತಕ ಬುದ್ಧಿಮತ್ತೆಯ ತಂತ್ರಾಂಶ ನೀಡಿದ ಉತ್ತರವನ್ನು ನಂಬಬಹುದೇ?
ಉತ್ತರ: ಇಂತಹ ತಂತ್ರಾಂಶಗಳು ಅಸ್ತಿತ್ವದಲ್ಲಿಯೇ ಇಲ್ಲದ ಲೇಖನಗಳನ್ನು ಉಲ್ಲೇಖಿಸಿದ ನಿದರ್ಶನಗಳಿವೆ. ಉಲ್ಲೇಖಿಸಿದ ಲೇಖನವನ್ನು ಶೀರ್ಷಿಕೆ ಅಥವಾ ಪಿಎಂಐಡಿ ಸಂಖ್ಯೆಯ ಮೂಲಕ ಪಬ್‌ಮೆಡ್‌ನಲ್ಲಿ ತೆರೆದು ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.

ಪ್ರಶ್ನೆ: ಹುಡುಕಾಟಕ್ಕೆ ಹೆಸರು ನೋಂದಾಯಿಸಬೇಕೆ?
ಉತ್ತರ: ಪಬ್‌ಮೆಡ್ ಮತ್ತು ಸಿಟಿಆರ್‌ಐಗಳಲ್ಲಿ ಹುಡುಕಲು ನೋಂದಣಿಯ ಅಗತ್ಯವಿಲ್ಲ. ರೋಗಿಯ ಹೆಸರು, ಆಧಾರ್ ಸಂಖ್ಯೆ, ದೂರವಾಣಿ ಸಂಖ್ಯೆಗಳನ್ನು ಯಾವುದೇ ಶೋಧ ಪೆಟ್ಟಿಗೆಯಲ್ಲಿ ನಮೂದಿಸಬಾರದು.

ಪ್ರಶ್ನೆ: ಒಂದೂ ಲೇಖನ ದೊರೆಯದಿದ್ದಲ್ಲಿ ಚಿಕಿತ್ಸೆ ಸರಿಯಿಲ್ಲವೆಂದು ತಿಳಿಯಬೇಕೆ?
ಉತ್ತರ: ಹಾಗೆ ತೀರ್ಮಾನಿಸಲಾಗದು. ಪುರಾವೆ ಇಲ್ಲದಿರುವುದೂ ಪ್ರಯೋಜನ ಇಲ್ಲವೆಂಬ ಪುರಾವೆ ಇರುವುದೂ ಬೇರೆ ಬೇರೆ. ಬೇರೆ ಶೋಧಪದಗಳಿಂದ ಪುನಃ ಹುಡುಕಿ, ವೈದ್ಯರನ್ನು ವಿಚಾರಿಸಬೇಕು.

13. ವೈದ್ಯರನ್ನು ಭೇಟಿಯಾಗುವಾಗ

ಹತ್ತಾರು ಲೇಖನಗಳ ಕಟ್ಟನ್ನು ಒಯ್ಯುವ ಬದಲು ಒಂದೆರಡು ಸಮೀಕ್ಷೆಗಳ ಸಾರಾಂಶವನ್ನು ಮಾತ್ರ ಒಯ್ಯುವುದು ಸೂಕ್ತ. ಈ ಕೆಳಕಂಡ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಹೋಗಬಹುದು:

1) ಈ ಲೇಖನದಲ್ಲಿರುವ ರೋಗಿಗಳ ಸ್ಥಿತಿ ನಮ್ಮ ರೋಗಿಯ ಸ್ಥಿತಿಗೆ ಹೊಂದುತ್ತದೆಯೇ?
2) ಈ ಚಿಕಿತ್ಸೆಯಿಂದ ನೂರು ಜನರಲ್ಲಿ ಎಷ್ಟು ಜನರಿಗೆ ಪ್ರಯೋಜನ, ಎಷ್ಟು ಜನರಿಗೆ ತೊಂದರೆ ಆಗಬಹುದು?
3) ಇದಕ್ಕೆ ಬದಲಿ ಚಿಕಿತ್ಸೆ ಯಾವುದಿದೆ?
4) ಈಗ ಚಿಕಿತ್ಸೆ ನೀಡದೆ ಕಾದು ನೋಡಿದರೆ ಏನಾಗಬಹುದು?

ಸಾರ್ವಜನಿಕರ ವಿಶೇಷ ಗಮನಕ್ಕೆ: ಈ ಪುಟದ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರವೇ ಹೊರತು ವೈದ್ಯಕೀಯ ಸಲಹೆಯಲ್ಲ. ಅಂತರಜಾಲದಲ್ಲಿ ಓದಿದ ಮಾಹಿತಿಯ ಆಧಾರದ ಮೇಲೆ ಸೇವಿಸುತ್ತಿರುವ ಔಷಧಿಯನ್ನು ನಿಲ್ಲಿಸುವುದಾಗಲಿ, ಪ್ರಮಾಣವನ್ನು ಬದಲಿಸುವುದಾಗಲಿ ಮಾಡಬಾರದು. ಸಂಶೋಧನಾ ಲೇಖನದ ಪ್ರತಿಯು ವೈದ್ಯರ ಪ್ರಮಾಣಪತ್ರಕ್ಕೆ ಪರ್ಯಾಯವಲ್ಲ. ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ದೇಹದ ಒಂದು ಪಾರ್ಶ್ವ ದುರ್ಬಲವಾಗುವುದು, ಹಾವು ಕಡಿತ ಮುಂತಾದ ತುರ್ತು ಸಂದರ್ಭಗಳಲ್ಲಿ ಹುಡುಕಾಟದಲ್ಲಿ ಕಾಲ ಕಳೆಯದೆ 108 ಸಂಖ್ಯೆಗೆ ಕರೆ ಮಾಡಿ, ರೋಗಿಯನ್ನು ಸಮೀಪದ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.